ಮನೆಶಾಲೆ ಮತ್ತು ಸಾರ್ವಜನಿಕ ಶಾಲಾ ಶಿಕ್ಷಣ (ಯಾದಗಿರಿ ಜಿಲ್ಲೆ)

ಮನೆಶಾಲೆ ಎಂದರೆ ಮಕ್ಕಳನ್ನು ಶಾಲೆಗೆ ಸೇರಿಸದೆ ಹೆತ್ತವರು, ಅಥವಾ ಅವರು ಗೊತ್ತುಮಾಡಿದ ಬೋಧಕರು, ಮನೆಯಲ್ಲಿಯೇ ಪೂರ್ಣಪ್ರಮಾಣದ ಶಿಕ್ಷಣ ನೀಡುವ ಪದ್ಧತಿ. ಸಾರ್ವಜನಿಕ ಶಾಲಾ ಶಿಕ್ಷಣವೆಂದರೆ ಸರ್ಕಾರದ ಹಣದಿಂದ ನಡೆಯುವ, ಎಲ್ಲರಿಗೂ ತೆರೆದ ಶಾಲೆಗಳಲ್ಲಿ ದೊರೆಯುವ ಶಿಕ್ಷಣ. ಇವೆರಡರ ಹೋಲಿಕೆ ಸಾಮಾನ್ಯವಾಗಿ ಬೋಧನಾ ಕ್ರಮ, ಮಗುವಿನ ಸ್ವಾತಂತ್ರ್ಯ, ಪರೀಕ್ಷೆಯ ಒತ್ತಡ ಮೊದಲಾದ ಅಂಶಗಳ ಸುತ್ತ ನಡೆಯುತ್ತದೆ. ಕರ್ನಾಟಕದ ಈಶಾನ್ಯ ಭಾಗದಲ್ಲಿರುವ ಯಾದಗಿರಿ ಜಿಲ್ಲೆಯಲ್ಲಿ ಈ ಹೋಲಿಕೆ ಬೇರೆ ರೂಪ ಪಡೆಯುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 51.83. ಅಂದಿನ 30 ಜಿಲ್ಲೆಗಳಲ್ಲಿ ಇದೇ ಕನಿಷ್ಠ. ರಾಜ್ಯದ ಸರಾಸರಿ ಆಗ ಶೇ. 75.36 ಇತ್ತು. ಜಿಲ್ಲೆಯ ಪುರುಷರಲ್ಲಿ ಶೇ. 62.25ರಷ್ಟು ಮಂದಿ ಓದುಬರಹ ಬಲ್ಲವರಾಗಿದ್ದರೆ ಮಹಿಳೆಯರಲ್ಲಿ ಆ ಪ್ರಮಾಣ ಶೇ. 41.38 ಮಾತ್ರ.

ಬೆಂಗಳೂರಿನ ವಿದ್ಯಾವಂತ ಕುಟುಂಬವೊಂದು ಮಗುವನ್ನು ಮನೆಯಲ್ಲಿ ಉಳಿಸಿಕೊಂಡು ಕಲಿಸಿದರೆ ಅದು ಯೋಚಿಸಿ ಮಾಡಿದ ಆಯ್ಕೆ. ಯಾದಗಿರಿ ತಾಲ್ಲೂಕಿನ ಮುದನಾಳದಂತಹ ಹಳ್ಳಿಯಲ್ಲಿ ಶಾಲೆಯ ವಯಸ್ಸಿನ ಮಗು ಹಗಲುಹೊತ್ತು ಮನೆಯಲ್ಲಿದ್ದರೆ ಅದು ಬಹುತೇಕ ಶಾಲೆ ಬಿಟ್ಟುದರ ಗುರುತು. ಸರ್ಕಾರದ ದಾಖಲೆ ಮಾತ್ರ ಈ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಈ ಲೇಖನದ ವಿಷಯ ಆ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ಮತ್ತು ಅದರ ಪರಿಣಾಮ.

ಪದಬಳಕೆ

ಕನ್ನಡದಲ್ಲಿ ಮನೆಶಾಲೆ, ಗೃಹಶಿಕ್ಷಣ, ಹೋಮ್‌ಸ್ಕೂಲಿಂಗ್ ಎಂಬ ಮೂರು ಪದಗಳೂ ಬಳಕೆಯಲ್ಲಿವೆ. ಮನೆಪಾಠ ಎಂಬುದು ಬೇರೆ. ಶಾಲೆಗೆ ಹೋಗುವ ಮಕ್ಕಳು ಸಂಜೆ ಅಥವಾ ಬೆಳಿಗ್ಗೆ ಪಡೆಯುವ ಹೆಚ್ಚುವರಿ ಪಾಠವದು. ಜನ ಅದನ್ನು ಟ್ಯೂಷನ್ ಎಂದೇ ಕರೆಯುತ್ತಾರೆ. ಗೃಹಾಧಾರಿತ ಶಿಕ್ಷಣ ಎಂಬುದು ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಸರ್ಕಾರವೇ ಮನೆಗೆ ಶಿಕ್ಷಕರನ್ನು ಕಳುಹಿಸಿ ನೀಡುವ ಸೌಲಭ್ಯದ ಹೆಸರು. ‘ಶಾಲೆಯಿಂದ ಹೊರಗುಳಿದ ಮಗು’ ಎಂಬುದು ಶಿಕ್ಷಣ ಇಲಾಖೆಯ ಪಾರಿಭಾಷಿಕ ಪದ. ಎಂದೂ ದಾಖಲಾಗದವರೂ ದಾಖಲಾಗಿ ಬಿಟ್ಟವರೂ ಇದರಲ್ಲಿ ಸೇರುತ್ತಾರೆ.

ಸಾರ್ವಜನಿಕ ಶಾಲೆ ಎಂಬ ಪದವೂ ಗೊಂದಲಕ್ಕೆ ಎಡೆಮಾಡುತ್ತದೆ. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಶ್ರೀಮಂತರ ಹಳೆಯ ಖಾಸಗಿ ಶಾಲೆ. ಅದರ ಅನುಕರಣೆಯಿಂದ ಕರ್ನಾಟಕದ ಎಷ್ಟೋ ಖಾಸಗಿ ಶಾಲೆಗಳು ತಮ್ಮ ಫಲಕದಲ್ಲಿ ಪಬ್ಲಿಕ್ ಸ್ಕೂಲ್ ಎಂದು ಬರೆಸಿಕೊಂಡಿವೆ. ಇತ್ತ ರಾಜ್ಯ ಸರ್ಕಾರವು ಒಂದೇ ಆವರಣದಲ್ಲಿ ಪೂರ್ವ ಪ್ರಾಥಮಿಕದಿಂದ ಪದವಿಪೂರ್ವ ಹಂತದವರೆಗೆ ನಡೆಸುವ ತನ್ನ ಶಾಲೆಗಳಿಗೆ ‘ಕರ್ನಾಟಕ ಪಬ್ಲಿಕ್ ಶಾಲೆ’ ಎಂದು ಹೆಸರಿಟ್ಟಿದೆ. ಇಲ್ಲಿ ಸಾರ್ವಜನಿಕ ಶಾಲೆ ಎಂಬುದನ್ನು ಸರ್ಕಾರಿ ಶಾಲೆ ಎಂಬ ಅರ್ಥದಲ್ಲಿಯೇ ಬಳಸಲಾಗಿದೆ.

ಐತಿಹಾಸಿಕ ಹಿನ್ನೆಲೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯಲ್ಲಿ ಸರ್ಕಾರಿ ಶಾಲೆಗಳು ಬರುವ ಮೊದಲು ಕಲಿಕೆ ನಡೆಯುತ್ತಿದ್ದುದು ಮನೆಗಳಲ್ಲಿ, ಮಠಗಳಲ್ಲಿ, ಮಸೀದಿಗಳ ಮಕ್ತಬಗಳಲ್ಲಿ ಮತ್ತು ಅಯ್ಯನವರು ನಡೆಸುತ್ತಿದ್ದ ಕೂಲಿಮಠಗಳಲ್ಲಿ. ಕೂಲಿಮಠದ ಗುರುವಿಗೆ ಊರಿನ ಕುಟುಂಬಗಳು ಕಾಳುಕಡಿಯ ರೂಪದಲ್ಲಿ ಕೂಲಿ ಕೊಡುತ್ತಿದ್ದವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿಗಳನ್ನು ರಾಗವಾಗಿ ಬಾಯಿಪಾಠ ಮಾಡುವುದು, ಲೆಕ್ಕಪತ್ರ ಬರೆಯುವಷ್ಟು ಗಣಿತ, ಮುಂದುವರಿದವರಿಗೆ ಜೈಮಿನಿ ಭಾರತದಂತಹ ಕಾವ್ಯದ ಓದು ಇಲ್ಲಿನ ಪಾಠಕ್ರಮವಾಗಿತ್ತು. ಬೇಸಾಯ, ನೇಯ್ಗೆ, ಕಮ್ಮಾರಿಕೆ, ಕುರಿಸಾಕಣೆಗಳನ್ನು ಮಕ್ಕಳು ಮನೆಯವರ ಜೊತೆಗಿದ್ದು ಕಲಿಯುತ್ತಿದ್ದರು. ಈ ವ್ಯವಸ್ಥೆಯನ್ನು ಇಂದಿನ ಮನೆಶಾಲೆಯ ಪೂರ್ವರೂಪವೆಂದು ಕೆಲವೊಮ್ಮೆ ಹೊಗಳಲಾಗುತ್ತದೆ. ಅಕ್ಷರದ ಪಾಲು ದೊರೆತದ್ದು ಕೆಲವು ಜಾತಿಗಳ ಗಂಡುಮಕ್ಕಳಿಗೆ ಮಾತ್ರ ಎಂಬುದನ್ನು ಆ ಹೊಗಳಿಕೆ ಮರೆಯುತ್ತದೆ. ಬಹುಪಾಲು ಹೆಣ್ಣುಮಕ್ಕಳಿಗೂ ದಲಿತರಿಗೂ ಕೂಲಿಮಠದ ಬಾಗಿಲು ತೆರೆದಿರಲಿಲ್ಲ.

ಮನೆಯಲ್ಲಿ ನೀಡಿದ ಶಿಕ್ಷಣದ ಪ್ರಸಿದ್ಧ ನಿದರ್ಶನವೊಂದು ಸುರಪುರ ಸಂಸ್ಥಾನದಲ್ಲಿಯೇ ಇದೆ. 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪಾಲನೆ ಮತ್ತು ವಿದ್ಯಾಭ್ಯಾಸದ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದ. ಬಾಲರಾಜ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ. ಟೇಲರ್‌ನ ಮರಣಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ವಿವರಗಳಿವೆ. 1853ರಲ್ಲಿ ರಾಜನ ಕೈಗೆ ಅಧಿಕಾರ ಬಂತು. 1858ರಲ್ಲಿ ಆತ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾಗಿ, ಅದೇ ವರ್ಷ ತೀರಿಕೊಂಡ. ಅರಮನೆಯ ಮಗುವಿಗೆ ಒಬ್ಬ ಪೂರ್ಣಾವಧಿ ಪಾಲಕ ದೊರೆತ ಕಾಲದಲ್ಲಿ ಅದೇ ಸಂಸ್ಥಾನದ ಬೇಡರ ಹಟ್ಟಿಗಳ ಮಕ್ಕಳಿಗೆ ಸಾರ್ವಜನಿಕ ಶಾಲೆ ಎಂಬುದೇ ಇರಲಿಲ್ಲ.

ಆ ಬಳಿಕ ಇಡೀ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿತ್ತು. 1884ರಿಂದ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿಯೇ. ಮುಂದೆ ಓದಬೇಕಾದ ಕನ್ನಡದ ಮಗು ಮನೆಯ ಮಾತನ್ನು ಮನೆಯಲ್ಲಿ ಬಿಟ್ಟು ಸರ್ಕಾರಿ ಶಾಲೆಗೆ ಹೋಗಬೇಕಾಗುತ್ತಿತ್ತು. ಕನ್ನಡದ ಓದು ಉಳಿದದ್ದು ಮಠಗಳಲ್ಲಿ, ಮನೆಗಳಲ್ಲಿ ಮತ್ತು ‘ಖಾನಗಿ’ ಎಂದು ಕರೆಯಲಾಗುತ್ತಿದ್ದ ಖಾಸಗಿ ಶಾಲೆಗಳಲ್ಲಿ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ ಇಂತಹ ಪ್ರಯತ್ನಗಳಲ್ಲಿ ಹೆಸರಾದುದು. 1920ರ ದಶಕದಲ್ಲಿ ಖಾನಗಿ ಶಾಲೆ ತೆರೆಯಲು ಸರ್ಕಾರದ ಪೂರ್ವಾನುಮತಿ ಕಡ್ಡಾಯವಾದ ಮೇಲೆ ಸಂಸ್ಥಾನದಾದ್ಯಂತ ಅವುಗಳ ಸಂಖ್ಯೆ ಇಳಿಯಿತು. ಸರ್ಕಾರದ ಶಾಲೆ ಮತ್ತು ಮನೆಯ ಕಲಿಕೆ ಎಂಬ ಭೇದ ಈ ಭಾಗದಲ್ಲಿ ಬಹುಕಾಲ ಭಾಷೆಯ ಭೇದವೂ ಆಗಿತ್ತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಮೈಸೂರಿನ ಹಳೆಯ ಜಿಲ್ಲೆಗಳಲ್ಲಿ ಅಷ್ಟರಲ್ಲಿ ಎರಡು ಮೂರು ತಲೆಮಾರುಗಳು ಕನ್ನಡ ಶಾಲೆ ಕಂಡಿದ್ದವು. ಯಾದಗಿರಿ ಸೀಮೆಯಲ್ಲಿ ಕನ್ನಡ ಶಾಲೆಗಳ ವಿಸ್ತರಣೆ ಆಗಷ್ಟೇ ಮೊದಲಾಯಿತು. ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಈ ಮೂರು ತಾಲ್ಲೂಕುಗಳೇ 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ (ಆಗಿನ ಗುಲ್ಬರ್ಗ) ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು.

ಕಾನೂನಿನ ಸ್ಥಿತಿ

2002ರ 86ನೇ ತಿದ್ದುಪಡಿ ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಜಾರಿಗೊಳಿಸುವ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆನ್ನುತ್ತದೆ. ಸೇರಿಸದಿದ್ದರೆ ಹೆತ್ತವರಿಗೆ ದಂಡವಾಗಲಿ ಶಿಕ್ಷೆಯಾಗಲಿ ಈ ಕಾಯ್ದೆಯಲ್ಲಿಲ್ಲ. ಕಾಯ್ದೆಯ ಭಾರವೆಲ್ಲ ಸರ್ಕಾರದ ಮೇಲಿದೆ: ಶಾಲೆ ಒದಗಿಸುವುದು, ದಾಖಲಾತಿ, ಹಾಜರಾತಿ ಮತ್ತು ಕಲಿಕೆ ಪೂರ್ಣಗೊಳ್ಳುವಂತೆ ನೋಡಿಕೊಳ್ಳುವುದು ಅದರ ಹೊಣೆ.

ಸ್ವಇಚ್ಛೆಯಿಂದ ಆರಿಸಿಕೊಂಡ ಮನೆಶಾಲೆಯ ಹೆಸರನ್ನು ಕಾಯ್ದೆ ಎತ್ತುವುದಿಲ್ಲ. ನಿಷೇಧವೂ ಇಲ್ಲ, ಮಾನ್ಯತೆಯೂ ಇಲ್ಲ. ದೆಹಲಿ ಹೈಕೋರ್ಟಿನಲ್ಲಿ ಈ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ 2012ರಲ್ಲಿ, ಮನೆಶಾಲೆ ಆರಿಸಿಕೊಂಡವರಿಗೆ ಕಾಯ್ದೆ ಅಡ್ಡಿಯಾಗದು ಎಂದು ಮೊದಲು ತಿಳಿಸಿ, ಬಳಿಕ ಆ ನಿಲುವಿನಿಂದ ಹಿಂದೆ ಸರಿಯಿತು. ಮನೆಶಾಲೆ ನಡೆಸುವ ಕುಟುಂಬಗಳು ಇಂದಿಗೂ ಈ ಅಸ್ಪಷ್ಟತೆಯಲ್ಲಿಯೇ ಇವೆ. 2012ರ ತಿದ್ದುಪಡಿಯಿಂದ ಒಂದು ವರ್ಗಕ್ಕೆ ಮಾತ್ರ ಸ್ಪಷ್ಟ ಹಕ್ಕು ದೊರೆತಿದೆ: ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು ಅಂತಹ ಮಕ್ಕಳ ಮನೆಗೆ ಹೋಗಿ ಕಲಿಸುತ್ತಾರೆ. ಆ ಮಗುವಿನ ಹೆಸರು ಹತ್ತಿರದ ಸರ್ಕಾರಿ ಶಾಲೆಯ ದಾಖಲಾತಿಯಲ್ಲಿರುತ್ತದೆ.

2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಆಧರಿಸಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅದರ ವಿಚಾರಣೆಯ ಹಿನ್ನೆಲೆಯಲ್ಲಿ ರಾಜ್ಯದ ವ್ಯಾಖ್ಯೆ ಬಿಗಿಯಾಯಿತು. ಮೊದಲು 60 ದಿನ ಗೈರಾದ ಮಗುವನ್ನು ಹೊರಗುಳಿದದ್ದೆಂದು ಎಣಿಸುತ್ತಿದ್ದರೆ, ಬಳಿಕ ಏಳು ದಿನಗಳ ಸತತ ಗೈರುಹಾಜರಿಯೇ ಸಾಕಾಯಿತು. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ವಾರಗಟ್ಟಲೆ ಹೊಲದಲ್ಲಿರುವ ಜಿಲ್ಲೆಗೆ ಈ ಬದಲಾವಣೆ ದೊಡ್ಡದು. ಎರಡು ತಿಂಗಳು ಕಾದರೆ ಆ ಹಂಗಾಮಿನ ಬಹುಭಾಗವೇ ಮುಗಿದಿರುತ್ತದೆ.

ಹೋಲಿಕೆ

ಮನೆಶಾಲೆಯ ಪರವಾಗಿ ಹೇಳುವ ಮಾತುಗಳು ಹಲವು. ಒಬ್ಬ ಬೋಧಕರ ಮುಂದೆ ಒಬ್ಬಿಬ್ಬರು ಮಕ್ಕಳು. ಮಗುವಿನ ವೇಗಕ್ಕೆ ತಕ್ಕ ಪಾಠ. ಗಂಟೆ, ಪಿರಿಯಡ್, ಪಠ್ಯಪುಸ್ತಕಗಳ ಕಟ್ಟಿಲ್ಲದ ಕಲಿಕೆ. ಹೊಡೆತ ಬಡಿತದ ಭಯವಿಲ್ಲದ ಬಾಲ್ಯ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಹೋಲ್ಟ್ 1977ರಲ್ಲಿ ಆರಂಭಿಸಿದ ‘ಗ್ರೋಯಿಂಗ್ ವಿತೌಟ್ ಸ್ಕೂಲಿಂಗ್’ ಪತ್ರಿಕೆ ಮತ್ತು ಇವಾನ್ ಇಲಿಚ್‌ರ ‘ಡಿಸ್ಕೂಲಿಂಗ್ ಸೊಸೈಟಿ’ (1971) ಕೃತಿ ಈ ವಿಚಾರಗಳಿಗೆ ಬುನಾದಿ ಹಾಕಿದವು. ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಮನೆಶಾಲೆ ಕಾನೂನುಬದ್ಧ. ಜರ್ಮನಿಯಲ್ಲಿ ಶಾಲಾ ಹಾಜರಾತಿ ಕಡ್ಡಾಯ. ಅದನ್ನು ಪ್ರಶ್ನಿಸಿದ ಕುಟುಂಬವೊಂದರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ವಿದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ದೇಶ ಬದಲಾದರೆ ನಿಯಮವೂ ಬದಲಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡದಲ್ಲಿ ಈ ದಾರಿಯಲ್ಲಿ ಮೊದಲೇ ನಡೆದವರಲ್ಲಿ ಶಿವರಾಮ ಕಾರಂತರು ಮುಖ್ಯರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ವಿಶ್ವಕೋಶವನ್ನು ಸಿದ್ಧಪಡಿಸಿದರು. ಅವರ ಸ್ವಂತ ಮಕ್ಕಳ ಆರಂಭದ ಕಲಿಕೆಯೂ ಬಹುಮಟ್ಟಿಗೆ ಆ ಮನೆಯ ಪರಿಸರದಲ್ಲಿಯೇ ನಡೆಯಿತು. ಆ ಮನೆಯಲ್ಲಿ ಕಾರಂತರೇ ಇದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಮನೆಶಾಲೆಯ ಯಶಸ್ಸು ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಎಷ್ಟು ಬಿಡುವಿದೆ, ಪುಸ್ತಕ ಎಷ್ಟಿವೆ ಎಂಬುದರ ಮೇಲೆ ನಿಂತಿರುತ್ತದೆ. ಸಾರ್ವಜನಿಕ ಶಾಲೆಯ ಹುಟ್ಟು ಇದಕ್ಕೆ ವಿರುದ್ಧವಾದ ಊಹೆಯಿಂದ ಆದುದು: ಮನೆಯಲ್ಲಿ ಓದು ಬಲ್ಲವರು ಯಾರೂ ಇಲ್ಲದಿದ್ದರೂ ಮಗು ಓದು ಕಲಿಯಬೇಕು. ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಕ್ಷರ ಬಾರದಿದ್ದ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಗೆ ಪರ್ಯಾಯವಾಗಿ ಮನೆಯನ್ನು ಹೇಳುವುದು ಕಷ್ಟ.

ಬಿಡುವಿನ ಪ್ರಶ್ನೆಯೂ ಅಷ್ಟೇ ತೂಕದ್ದು. ತೊಗರಿ, ಹತ್ತಿ, ಮೆಣಸಿನಕಾಯಿ ಮತ್ತು ನಾರಾಯಣಪುರ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತ ಇಲ್ಲಿನ ಬೆಳೆಗಳು. ಕಾಲುವೆ ತಲುಪದ ಊರುಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳು ಗುಳೆ ಹೋಗುತ್ತವೆ. ಹೆತ್ತವರು ದಿನವಿಡೀ ಕೂಲಿಯಲ್ಲಿರುವಾಗ ಮನೆಯಲ್ಲಿ ಉಳಿದ ದೊಡ್ಡ ಹುಡುಗಿಯ ಪಾಲಿಗೆ ಬರುವುದು ನೀರು, ಒಲೆ ಮತ್ತು ತಮ್ಮ ತಂಗಿಯರು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ ಮಗು ತನ್ನ ಮನೆಯವರ ಕಸುಬಿನಲ್ಲಿ ನೆರವಾಗಬಹುದು, ಆದರೆ ಶಾಲೆಯ ಅವಧಿ ಬಿಟ್ಟು ಉಳಿದ ವೇಳೆಯಲ್ಲಿ ಮಾತ್ರ. ಶಾಲೆಗೆ ದಾಖಲೇ ಆಗದ ಮಗುವಿಗೆ ‘ಶಾಲೆಯ ಅವಧಿ’ ಎಂಬ ಈ ಗೆರೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಭಾಷೆಯ ವಿಷಯದಲ್ಲಿ ಮನೆಗೆ ಸ್ವಲ್ಪ ಮೇಲುಗೈ ಇದೆ. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳ ಅನೇಕ ಮನೆಗಳಲ್ಲಿ ಉರ್ದು, ತೆಲಂಗಾಣದ ಗಡಿಗೆ ಅಂಟಿದ ಗುರುಮಠಕಲ್ ಭಾಗದಲ್ಲಿ ತೆಲುಗು ಮನೆಮಾತು. ಇಂತಹ ಮನೆಗಳ ಮಗು ಒಂದನೇ ತರಗತಿಯಲ್ಲಿ ಪಠ್ಯಪುಸ್ತಕದ ಕನ್ನಡವನ್ನು ಹೊಸ ಭಾಷೆಯಂತೆ ಎದುರಿಸುತ್ತದೆ. ಕನ್ನಡದ ಮನೆಯ ಮಗುವಿಗೂ ತನ್ನ ಸೀಮೆಯ ಮಾತಿಗೂ ಪುಸ್ತಕದ ಭಾಷೆಗೂ ನಡುವೆ ದೂರ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂದಾಗ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡುಗಳ ಮೂಲಕ ಕಲಿಯುವ ಕ್ರಮ ಮೊದಲ ಬಾರಿಗೆ ಸರ್ಕಾರಿ ಶಾಲೆಯೊಳಗೆ ವ್ಯಾಪಕವಾಯಿತು. ಮನೆಶಾಲೆಯ ಪ್ರತಿಪಾದಕರು ತಮ್ಮದೆಂದು ಹೇಳಿಕೊಳ್ಳುವ ಒಂದು ಗುಣ ಹೀಗೆ ಸಾರ್ವಜನಿಕ ಶಾಲೆಗೂ ಬಂದಿದೆ.

ಊಟ ಮತ್ತು ಆರೋಗ್ಯ

ಮನೆಶಾಲೆಯ ಕುರಿತ ಪಾಶ್ಚಾತ್ಯ ಬರಹಗಳಲ್ಲಿ ಊಟದ ಪ್ರಸ್ತಾಪ ಹೆಚ್ಚಾಗಿ ಇರುವುದಿಲ್ಲ. ಯಾದಗಿರಿಯಲ್ಲಿ ಅದನ್ನು ಬಿಟ್ಟು ಹೋಲಿಕೆಯೇ ಸಾಧ್ಯವಿಲ್ಲ. ಬಿಸಿಯೂಟದ ‘ಅಕ್ಷರ ದಾಸೋಹ’ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ಯಾದಗಿರಿ ಆಗ ಸೇರಿದ್ದ ಗುಲ್ಬರ್ಗ ಅವುಗಳಲ್ಲೊಂದು. 2013ರ ಆಗಸ್ಟಿನಿಂದ ‘ಕ್ಷೀರಭಾಗ್ಯ’ದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣಿನ ವ್ಯವಸ್ಥೆಯಿತ್ತು. ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ಬೆಳವಣಿಗೆ ಹೆಚ್ಚೆಂದು ಕಂಡುಬಂತು. ಬಳಿಕ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಶಾಲೆಗೆ ಹೋಗದ ಮಗು ಕಳೆದುಕೊಳ್ಳುವುದರಲ್ಲಿ ಪಾಠದ ಜೊತೆಗೆ ಈ ಊಟವೂ, ಸಮವಸ್ತ್ರ, ಪಠ್ಯಪುಸ್ತಕ, ಜಂತುನಾಶಕ ಮಾತ್ರೆ, ಆರೋಗ್ಯ ತಪಾಸಣೆಗಳೂ ಸೇರುತ್ತವೆ. ಬೇರೆ ಬೇರೆ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಈ ಸೀಮೆಯಲ್ಲಿ ಸಣ್ಣ ಸಂಗತಿಯಲ್ಲ.

ಪ್ರಮಾಣಪತ್ರ ಮತ್ತು ಮುಂದಿನ ಓದು

ಮನೆಯಲ್ಲಿ ಕಲಿತ ಮಗು ಪರೀಕ್ಷೆ ಬರೆಯಲು ದಾರಿಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು (ಎನ್.ಐ.ಒ.ಎಸ್.) 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂಬ ಹೆಸರಿನಲ್ಲಿ ಆರಂಭವಾಯಿತು. ಅದರ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. 14 ವರ್ಷ ತುಂಬಿದವರು ಅದರ ಹತ್ತನೇ ತರಗತಿ ಮಟ್ಟದ ಕೋರ್ಸಿಗೆ ಸೇರಬಹುದು. ನಿಗದಿತ ವಯಸ್ಸಾದವರು ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಪ್ರೌಢಶಾಲೆಯೊಂದರ ಮೂಲಕ ಖಾಸಗಿ ಅಭ್ಯರ್ಥಿಯಾಗಿ ನೋಂದಾಯಿಸಿಕೊಳ್ಳುವುದೂ ಉಂಟು. ನಗರಗಳ ಮನೆಶಾಲೆಯ ಕುಟುಂಬಗಳು ಹೆಚ್ಚಾಗಿ ಎನ್.ಐ.ಒ.ಎಸ್. ಅನ್ನೋ ವಿದೇಶಿ ಪರೀಕ್ಷಾ ಮಂಡಳಿಗಳನ್ನೋ ಆಶ್ರಯಿಸುತ್ತವೆ.

ಹಳ್ಳಿಯ ಮಗುವಿಗೆ ನಷ್ಟ ಬೇರೆ ಕಡೆಯಿಂದ ಬರುತ್ತದೆ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಸಿ.ಇ.ಟಿ. ಪ್ರವೇಶದಲ್ಲಿ ಶೇ. 15 ಸೀಟುಗಳು ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5 ಸೀಟುಗಳು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಮೊದಲನೆಯದಕ್ಕೆ ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಹುಟ್ಟಿದಂದಿನಿಂದ ಹಳ್ಳಿಯಲ್ಲಿಯೇ ಇದ್ದು ಕನ್ನಡದಲ್ಲಿಯೇ ಮನೆಯಲ್ಲಿ ಕಲಿತ ಮಗುವಿಗೆ ಇವೆರಡೂ ದೊರೆಯುವುದಿಲ್ಲ. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ಮಾತ್ರ ಸ್ಥಳೀಯ ನಿವಾಸವನ್ನು ಆಧರಿಸಿದ್ದು, ಶಾಲೆಯನ್ನು ಅವಲಂಬಿಸಿಲ್ಲ.

ಜಿಲ್ಲೆಯ ಸರ್ಕಾರಿ ಶಾಲೆಗಳ ಸ್ಥಿತಿ

ಸಾರ್ವಜನಿಕ ಶಾಲೆಯ ಪರವಾದ ಈ ವಾದಗಳು ಶಾಲೆ ನಿಜವಾಗಿ ಕಲಿಸುತ್ತದೆಂಬ ನಂಬಿಕೆಯ ಮೇಲೆ ನಿಂತಿವೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು, 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಮತ್ತು 800 ಗಂಟೆಗಳ ಪಾಠವನ್ನು ನಿಗದಿಪಡಿಸಿದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಂಜೂರಾದ ಹುದ್ದೆಗಳು ಖಾಲಿ ಉಳಿಯುವುದು, ವರ್ಗಾವಣೆ ಪಡೆದು ಶಿಕ್ಷಕರು ತಮ್ಮ ಊರಿನ ಕಡೆ ಹೋಗುವುದು, ಅತಿಥಿ ಶಿಕ್ಷಕರಿಂದಲೇ ವರ್ಷ ಸಾಗುವುದು ಹಳೆಯ ದೂರುಗಳು. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಶೇ. 50.59 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ರಾಜ್ಯದ ಒಟ್ಟು ಫಲಿತಾಂಶ ಶೇ. 73.40. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ವರ್ಷ ಅದು. ಹತ್ತು ವರ್ಷ ಶಾಲೆಗೆ ಹೋದ ಇಬ್ಬರಲ್ಲಿ ಒಬ್ಬರು ಮೊದಲ ಯತ್ನದಲ್ಲಿ ತೇರ್ಗಡೆಯಾಗದ ಜಿಲ್ಲೆಯಲ್ಲಿ, ಶಾಲೆಗೆ ಕಳುಹಿಸಿ ಏನು ಬಂತು ಎಂದು ಹೆತ್ತವರು ಕೇಳುವುದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಸುಧಾರಣೆಯ ಪ್ರಯತ್ನಗಳೂ ನಡೆದಿವೆ. 2000ರ ದಶಕದಲ್ಲಿ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರ ಮತ್ತು ಯುನಿಸೆಫ್ ಜೊತೆಗೂಡಿ ಮಕ್ಕಳಸ್ನೇಹಿ ಶಾಲೆಗಳ ಯೋಜನೆ ನಡೆಸಿತು. ಹೆತ್ತವರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್.ಡಿ.ಎಂ.ಸಿ.) 2001ರಿಂದ ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ಇವೆ. ಗುಳೆ ಹೋಗುವವರ ಮಕ್ಕಳು ಊರಿನಲ್ಲಿಯೇ ಉಳಿದು ಓದಲು ಋತುಮಾನದ ವಸತಿ ಶಾಲೆಗಳನ್ನು, ವಲಸೆ ಹೋದ ಕಡೆ ಟೆಂಟ್ ಶಾಲೆಗಳನ್ನು ನಡೆಸುವ ವ್ಯವಸ್ಥೆಯಿದೆ. ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಊರಿನ ಶಾಲೆ ಏಳನೇ ತರಗತಿಗೆ ನಿಂತುಹೋಗಿ ಪ್ರೌಢಶಾಲೆ ಇನ್ನೊಂದು ಊರಿನಲ್ಲಿದ್ದಾಗ ಹುಡುಗಿಯರ ಓದು ಅಲ್ಲಿಗೇ ಮುಗಿಯುವುದು ಸಾಮಾನ್ಯ. ಆ ದೂರಕ್ಕೆ ಉತ್ತರವಾಗಿ ವಸತಿ ಶಾಲೆ ಮತ್ತು ಸೈಕಲ್ ವಿತರಣೆ ಬಂದವು. ಬಸ್ಸು ಬಾರದ ದೊಡ್ಡಿ, ತಾಂಡಾಗಳಲ್ಲಿ ಸಮಸ್ಯೆ ಉಳಿದೇ ಇದೆ.

ಎಲ್ಲ ಮಕ್ಕಳೂ ಮನೆಯಲ್ಲಿದ್ದ ಕಾಲ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ರಾಜ್ಯದ ಎಲ್ಲ ಮಕ್ಕಳ ಕಲಿಕೆಯೂ ಮನೆಗೆ ಸ್ಥಳಾಂತರವಾಯಿತು. ಮನೆ ಶಾಲೆಯ ಕೆಲಸ ಮಾಡಬಲ್ಲದೇ ಎಂಬುದಕ್ಕೆ ಇಷ್ಟು ವ್ಯಾಪಕವಾದ ಪರೀಕ್ಷೆ ಹಿಂದೆ ನಡೆದಿರಲಿಲ್ಲ. ದೂರದರ್ಶನ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಪ್ರಸಾರವಾದವು. ಸ್ಮಾರ್ಟ್‌ಫೋನ್ ಇಲ್ಲದ, ಇದ್ದರೂ ತಂದೆಯೊಂದಿಗೆ ಕೆಲಸಕ್ಕೆ ಹೋಗಿಬಿಡುವ ಮನೆಗಳಿಗೆ ಆನ್‌ಲೈನ್ ಪಾಠ ತಲುಪಲಿಲ್ಲ. ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಗಿ, ಸರ್ಕಾರಿ ಶಾಲೆಯ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ ಕಲಿಸಿದರು. ಸೋಂಕಿನ ವರದಿಗಳ ಬಳಿಕ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಬದಲಾದ ರೂಪದಲ್ಲಿ ಮರಳಿತು. ಆ ವರ್ಷ ಗ್ರಾಮೀಣ ಕರ್ನಾಟಕದಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ, 2ನೇ ತರಗತಿಯ ಪಠ್ಯವನ್ನು ಓದಬಲ್ಲ 3ನೇ ತರಗತಿಯ ಮಕ್ಕಳ ಪ್ರಮಾಣ 2018ರ ಸುಮಾರು ಶೇ. 19ರಿಂದ ಸುಮಾರು ಶೇ. 10ಕ್ಕೆ ಇಳಿದಿತ್ತು. ಇಳಿಕೆಯ ಜೊತೆಗೆ ಮೊದಲ ಅಂಕಿಯನ್ನೂ ನೋಡಬೇಕು: ಶಾಲೆಗಳು ತೆರೆದಿದ್ದ ಕಾಲದಲ್ಲಿಯೂ ಐವರಲ್ಲಿ ನಾಲ್ವರು ಆ ಪಠ್ಯವನ್ನು ಓದಲಾರದವರಾಗಿದ್ದರು.

ಮನೆಯಿಂದ ಶಾಲೆಗೆ ಮರಳುವುದು

ಮನೆಶಾಲೆಯಲ್ಲಿದ್ದ ಮಗುವಾಗಲಿ, ದುಡಿಮೆಯ ಕಾರಣಕ್ಕೆ ಶಾಲೆ ಬಿಟ್ಟ ಮಗುವಾಗಲಿ 14 ವರ್ಷದೊಳಗೆ ಯಾವಾಗ ಬೇಕಾದರೂ ಸರ್ಕಾರಿ ಶಾಲೆಗೆ ಸೇರಬಹುದು. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನಂತೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು. ಹತ್ತು ವರ್ಷದ ಮಗುವನ್ನು ಅಕ್ಷರ ಬಾರದೆಂದು ಒಂದನೇ ತರಗತಿಯಲ್ಲಿ ಕೂಡಿಸುವಂತಿಲ್ಲ. ತಡವಾಗಿ ಸೇರಿದ ಮಗುವಿಗೆ 14 ವರ್ಷ ದಾಟಿದ ಮೇಲೂ 8ನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಯುತ್ತದೆ. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು 14ನೇ ಸೆಕ್ಷನ್ ತಡೆಯುತ್ತದೆ. ಮೊದಲು ಓದಿದ ಶಾಲೆಯ ವರ್ಗಾವಣೆ ಪತ್ರ, ಜನರ ಮಾತಿನಲ್ಲಿ ಟಿ.ಸಿ., ತಡವಾಗಿ ಬಂದರೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ಸೇರಿದ ಮಗುವಿಗೆ ರಾಜ್ಯದ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯಾದ ‘ಸ್ಯಾಟ್ಸ್’ನಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಗುಳೆ ಹೋದ ಕುಟುಂಬದ ಮಗು ಬೆಂಗಳೂರಿನ ಶಾಲೆಯೊಂದಕ್ಕೆ ಸೇರಿ ಮತ್ತೆ ಊರಿಗೆ ಬಂದರೂ ಅದೇ ಸಂಖ್ಯೆ ಮುಂದುವರಿಯುತ್ತದೆ. ರಾಜ್ಯದ ಗಡಿ ದಾಟಿ ಪುಣೆ, ಮುಂಬೈಗೆ ಹೋದ ಮಗುವಿನ ಜಾಡು ಈ ವ್ಯವಸ್ಥೆಗೆ ಸಿಗುವುದಿಲ್ಲ. ಅಂತಹ ಮಕ್ಕಳು ಹಬ್ಬಕ್ಕೋ ಬಿತ್ತನೆಗೋ ಊರಿಗೆ ಮರಳಿದಾಗ ಅವರನ್ನು ಗುರುತಿಸಿ ಕರೆತರುವ ಕೆಲಸ ಶಾಲೆಯ ಮುಖ್ಯ ಶಿಕ್ಷಕರು, ಎಸ್.ಡಿ.ಎಂ.ಸಿ. ಮತ್ತು ಗ್ರಾಮ ಪಂಚಾಯಿತಿಯ ಪಾಲಿನದು.